ಜಯಚಾಮರಾಜ ಒಡೆಯರ ಸಂಗೀತ ಸಾಧನೆ

ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು 1919ನೆಯ ಇಸವಿಯ ಜುಲೈ 18ರಂದು ಜನಿಸಿದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಏಕೈಕ ಪುತ್ರರಾದ ಇವರಿಗೆ ಎಳೆತನದಲ್ಲಿಯೇ ಪಿಯಾನೊ ವಾದ್ಯದಲ್ಲಿ ಆಸಕ್ತಿ ಮೂಡಿತು.

ಪಾಶ್ಚಾತ್ಯ ಸಂಗೀತವನ್ನು ಕಲಿಯತೊಡಗುವವರು ಮೊದಲು ಅರಿಯಬೇಕಾದುದು ನಾಲ್ಕು ಎಣಿಕೆಗಳ ತಾಳವನ್ನು. ಅದಕ್ಕೆ ‘ಕಾಮನ್ ಟೈಮ್’ ಎಂದು ಹೆಸರು. ಸ್ವರಲಿಪಿಯ ಐದು ಗೆರೆಗಳ ಮೇಲೆ ನಿಲುವುಗೆರೆಗಳನ್ನೆಳೆದು ಸಮನಾದ ಮನೆಗಳನ್ನು ಮಾಡುತ್ತಾರೆ. ಒಂದೊಂದು ಮನೆಗೆ ನಾಲ್ಕು ಎಣಿಕೆಗಳು. ಮೊದಲನೆಯದಕ್ಕೆ ಹೆಚ್ಚು ಒತ್ತು, ಮೂರನೆಯದಕ್ಕೆ ಅದಕ್ಕಿಂತ ಕಡಮೆ, ಉಳಿದೆರಡು ಹಗುರ. ಇದನ್ನು ಸೂಚಿಸುವ ಗುರುತನ್ನು ಇಂಗ್ಲಿಷಿನ ‘ಸಿ’ ಅಕ್ಷರವೆಂದು ಹಲವರು ಭಾವಿಸುವುದುಂಟು. ಅದು ಅಕ್ಷರವಲ್ಲ, ಮುರಿದ ವೃತ್ತ. ಮಧ್ಯಯುಗದ ಯೂರೋಪಿನಲ್ಲಿ ಮೂರರ ಎಣಿಕೆಯನ್ನು ಪೂರ್ಣವೆಂದು ಬಗೆದು ವೃತ್ತದಿಂದಲೂ, ಎರಡರ ಎಣಿಕೆಯನ್ನು ಅಪೂರ್ಣವೆಂದು ಬಗೆದು ಮುರಿದ ವೃತ್ತದಿಂದಲೂ ಸೂಚಿಸುತ್ತಿದ್ದರು. ನಮ್ಮ ಆದಿತಾಳದ ಎಂಟು ಅಕ್ಷರಗಳು ಲೆಕ್ಕಕ್ಕೆ ಇಂತಹ ಎರಡು ಮನೆಗಳಿಗೆ ಸಮವೇ ಸರಿ. ಆದರೆ ನಮ್ಮಲ್ಲಿ ಕೈ ಹಾಕುವ ಘಾತಕ್ಕೆ ಹಾಡು ಒತ್ತು ಕೊಡಲೇಬೇಕೆಂಬ ನಿಯಮವಿಲ್ಲ.

ಕಛೇರಿಯ ಪಿಯಾನೊವಾದಕರಾಗಬೇಕೆಂಬುದು ತರುಣ ಒಡೆಯರ ಹಂಬಲವಾಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಇಪ್ಪತ್ತೊಂದರ ವಯಸ್ಸಿನಲ್ಲಿ ರಾಜ್ಯಭಾರವು ಹೆಗಲೇರಿತು. ಆ ಹಂಬಲವು ಅಲ್ಲಿಗೇ ನಿಂತಿತು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯು 1945ರಲ್ಲಿ ಅವರಿಗೆ ದೊರೆಯಿತು.

ತಾವು ನುಡಿಸಲಾಗದುದನ್ನು ಅವರು ಇತರರಿಂದ ನುಡಿಸಿದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನು ಲಂಡನ್ನಿನಲ್ಲಿ ಬಡತನ ಹಾಗೂ ಅನಾರೋಗ್ಯಗಳಿಂದ ಬಳಲುತ್ತ ಬಹುಮಟ್ಟಿಗೆ ಮರೆತುಹೋಗಿದ್ದನು. ಒಡೆಯರು ನೀಡಿದ ಧನಸಹಾಯದಿಂದ ಅವನ ಮೂರೂ ಪಿಯಾನೊ ಕನ್ಸರ್ಟೊಗಳು ಅವನದೇ ಕೈಯಿಂದ ಧ್ವನಿಮುದ್ರಣಗೊಂಡವು. ಮೂರನೆಯದನ್ನು ಆತನು ಒಡೆಯರಿಗೇ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡನು. ಸಹಾಯವು ತಡವಾಗಿದ್ದರೆ ಆ ನಾದವು ನಮಗೆ ಉಳಿಯುತ್ತಿರಲಿಲ್ಲ. ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊತ್ತಮೊದಲು ಹಾಡಲ್ಪಟ್ಟುದೂ ಒಡೆಯರ ನೆರವಿನಿಂದಲೇ.

ಇದೇ ಕಾಲದಲ್ಲಿ ಅವರು ಕರ್ನಾಟಕ ಸಂಗೀತದ ಕಡೆಗೂ ತಿರುಗಿದ್ದರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನವಿದ್ದಿತು. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಕೃತಿಯು ಆದಿತಾಳದಲ್ಲಿದೆ. ಇಂದಿಗೂ ಕಛೇರಿಗಳಲ್ಲಿ ಅದು ಕೇಳಿಬರುತ್ತದೆ.

ಒಡೆಯರು 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನರಾದರು.