ಬಳಸುದಾರಿ ಹುಡುಕಿದ ಡಾಕ್ಟರ್: ಅಲೆಕ್ಸಾಂಡರ್ ಲೂರಿಯಾ

ಥರ್ಡ್ ಇಯರ್ ಮುಗಿಸಿದ ಮೆಕ್ಯಾನಿಕಲ್ ಹುಡುಗ ಅಂದ ತಕ್ಷಣ ನಮಗೆಲ್ಲ ಯಾರಾದ್ರೂ ಒಬ್ಬ ಸೀನಿಯರ್ ನೆನಪಾಗ್ತಾರೆ. ಸೋವಿಯತ್ ರಷ್ಯಾದಲ್ಲೂ ಅಂಥ ಒಬ್ಬ ಹುಡುಗ ಇದ್ದ. ಹೆಸರು ಜಾಸೆಟ್ಸ್ಕಿ. ಚೆನ್ನಾಗಿ ಓದ್ತಿದ್ದ, ಇಂಜಿನಿಯರ್ ಆಗಬೇಕು ಅಂತ ಕನಸಿತ್ತು. ಎರಡನೇ ಮಹಾಯುದ್ಧ ಬಂತು, ಕಾಲೇಜು ಬಿಟ್ಟು ಸೇನೆ ಸೇರಿದ. 1943ರ ಮಾರ್ಚ್‌ನಲ್ಲಿ ಒಂದು ಗುಂಡು ಅವನ ತಲೆಯ ಎಡಭಾಗ, ಹಿಂದುಗಡೆ ಹೊಕ್ಕಿತು. ಆಗ ಅವನಿಗೆ 23 ವರ್ಷ.

ಪ್ರಾಣ ಉಳೀತು. ಆದ್ರೆ ಅಕ್ಷರ ಮರೆತುಹೋಗಿತ್ತು. ನೋಟದ ಬಲ ಅರ್ಧ ಮಾಯವಾಗಿತ್ತು. ತನ್ನ ಬಲಗೈ ಎಲ್ಲಿದೆ ಅಂತ ಹುಡುಕಬೇಕಿತ್ತು. ಅಪ್ಪನ ಅಣ್ಣ ಅಂದ್ರೆ ಯಾರು, ಅಣ್ಣನ ಅಪ್ಪ ಅಂದ್ರೆ ಯಾರು, ಎರಡಕ್ಕೂ ಏನು ವ್ಯತ್ಯಾಸ ಅನ್ನೋದು ತಲೆಗೆ ಹತ್ತುತ್ತಿರಲಿಲ್ಲ. ಜ್ಯಾಮಿತಿ ಅರೆದು ಕುಡಿದಿದ್ದವನಿಗೆ ಚೌಕದ ಕೆಳಗೆ ವೃತ್ತ ಅಂದ್ರೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತಾಗ್ತಿರಲಿಲ್ಲ.

ಇಂಥವನ ಮುಂದೆ ಬಂದು ಕೂತ ಡಾಕ್ಟರ್ ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ. ಈ ಲೇಖನ ಅವರ ಬಗ್ಗೆ.

ಲೂರಿಯಾ ಹುಟ್ಟಿದ್ದು 1902ರಲ್ಲಿ, ವೋಲ್ಗಾ ತೀರದ ಕಜಾನ್ ಊರಲ್ಲಿ. ಅಪ್ಪ ಡಾಕ್ಟರ್, ಅಮ್ಮ ಹಲ್ಲಿನ ಡಾಕ್ಟರ್. ಕ್ರಾಂತಿಯ ಗದ್ದಲದ ನಡುವೆ 16ನೇ ವಯಸ್ಸಿಗೇ ಯೂನಿವರ್ಸಿಟಿ ಸೇರಿ 1921ರಲ್ಲಿ ಪದವಿ ಮುಗಿಸಿದರು. ಇಪ್ಪತ್ತರ ಹರೆಯದಲ್ಲೇ ಊರಲ್ಲಿ ಮನೋವಿಶ್ಲೇಷಣೆಯ ಒಂದು ಸಂಘ ಕಟ್ಟಿ ಫ್ರಾಯ್ಡ್‌ಗೇ ಪತ್ರ ಬರೆದರು. ಫ್ರಾಯ್ಡ್ ಉತ್ತರವನ್ನೂ ಕೊಟ್ಟರು! 1923ರಲ್ಲಿ ಮಾಸ್ಕೋಗೆ ಬಂದರು. ಮರುವರ್ಷ ಅವರಿಗೆ ಲೆವ್ ವೈಗಾಟ್ಸ್ಕಿ ಪರಿಚಯವಾದರು. ಮನುಷ್ಯನ ಯೋಚನೆ ಮಾತಿನಿಂದ, ಉಪಕರಣಗಳಿಂದ, ಜೊತೆಗಿರುವ ಜನರಿಂದ ರೂಪುಗೊಳ್ಳುತ್ತೆ ಅನ್ನೋದು ವೈಗಾಟ್ಸ್ಕಿಯವರ ವಾದ. ಲೂರಿಯಾ ಜೀವನಪೂರ್ತಿ ಆ ದಾರಿ ಬಿಡಲಿಲ್ಲ.

ಇಬ್ಬರೂ ಸೇರಿ ಮಾಡಿದ ಒಂದು ಪ್ರಯೋಗ ಕೇಳಿ. ಪಾರ್ಕಿನ್ಸನ್ ಕಾಯಿಲೆಯ ರೋಗಿಯೊಬ್ಬನಿಗೆ ಸಮತಟ್ಟಾದ ನೆಲದ ಮೇಲೆ ಎರಡು ಹೆಜ್ಜೆ ಇಡೋಕೂ ಆಗ್ತಿರಲಿಲ್ಲ. ಆದ್ರೆ ಮೆಟ್ಟಿಲು ಮಾತ್ರ ಹತ್ತುತ್ತಿದ್ದ. ಯಾಕೆ? ಒಂದೊಂದು ಮೆಟ್ಟಿಲೂ ಹೆಜ್ಜೆ ಎತ್ತು ಅಂತ ಹೊರಗಿನಿಂದ ಸೂಚನೆ ಕೊಡ್ತಿತ್ತು. ಸರಿ, ನೆಲದ ಮೇಲೆ ಕಾಗದದ ಚೂರುಗಳನ್ನು ಸಾಲಾಗಿ ಹಾಕಿ, ಒಂದೊಂದನ್ನೇ ದಾಟಿ ಬಾ ಅಂದರು. ಅವನು ನಡೆದೇಬಿಟ್ಟ. ಕೆಟ್ಟಿದ್ದು ರಿಪೇರಿ ಆಗಿರಲಿಲ್ಲ, ಬೇರೆ ದಾರಿ ಸಿಕ್ಕಿತ್ತು ಅಷ್ಟೆ.

1934ರಲ್ಲಿ ವೈಗಾಟ್ಸ್ಕಿ ಕ್ಷಯದಿಂದ ತೀರಿಹೋದರು. ಅಷ್ಟೊತ್ತಿಗೆ ಅವರ ಬಳಗದ ಮನಶ್ಶಾಸ್ತ್ರದ ಮೇಲೆ ಸರ್ಕಾರದ ಕಡೆಯಿಂದ ಕೆಂಗಣ್ಣು ಬಿದ್ದಿತ್ತು. ಹೆಸರು ಮಾಡಿದ್ದ ಸಂಶೋಧಕ ಲೂರಿಯಾ ಮತ್ತೆ ವಿದ್ಯಾರ್ಥಿಯಾಗಿ ಮೆಡಿಕಲ್ ಕಾಲೇಜಿಗೆ ಹೋಗಿ ಕೂತರು. 1937ರಲ್ಲಿ ಡಿಗ್ರಿ ಪಡೆದು, ಮಾಸ್ಕೋದ ಬುರ್ಡೆಂಕೊ ನರಶಸ್ತ್ರಚಿಕಿತ್ಸಾ ಸಂಸ್ಥೆಯಲ್ಲಿ ಕೆಲಸ ಶುರು ಮಾಡಿದರು.

1941ರಲ್ಲಿ ಜರ್ಮನಿ ದಾಳಿ ಮಾಡಿತು. ತಲೆಗೆ ಗುಂಡು, ಸಿಡಿಗುಂಡಿನ ಚೂರು ಹೊಕ್ಕ ಹುಡುಗರು ಗುಂಪುಗುಂಪಾಗಿ ಬರತೊಡಗಿದರು. ಉರಲ್ ಬೆಟ್ಟಗಳ ಸೀಮೆಯಲ್ಲಿ, ಚೆಲ್ಯಾಬಿನ್ಸ್ಕ್ ಹತ್ತಿರದ ಕಿಸೆಗಾಚ್ ಹಳ್ಳಿಯಲ್ಲಿ 400 ಹಾಸಿಗೆಯ ಆರೋಗ್ಯಧಾಮವೊಂದಿತ್ತು. ಅದನ್ನು ತಲೆಪೆಟ್ಟಿನ ಸೈನಿಕರ ಪುನಶ್ಚೇತನ ಆಸ್ಪತ್ರೆ ಮಾಡೋ ಜವಾಬ್ದಾರಿ ಲೂರಿಯಾ ಹೆಗಲಿಗೆ ಬಿತ್ತು. ಜೊತೆಗಿದ್ದವರು ಸುಮಾರು 30 ಜನ. ವಾರ್ಡಿನ ಪಕ್ಕದಲ್ಲೇ ಲ್ಯಾಬ್, ತರಬೇತಿ ಕೋಣೆ, ಕೈಕೆಲಸದ ವರ್ಕ್‌ಶಾಪ್.

ಆ ಕಾಲದಲ್ಲಿ ಎರಡು ಪಂಗಡ ಇತ್ತು. ಮೆದುಳಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಜಾಗ, ಆ ಜಾಗ ಹೋದ್ರೆ ಕೆಲಸವೂ ಹೋಯ್ತು ಅನ್ನೋರು ಒಂದು ಕಡೆ. ಇಡೀ ಮೆದುಳು ಒಟ್ಟಾಗಿ ಎಲ್ಲ ಮಾಡುತ್ತೆ ಅನ್ನೋರು ಇನ್ನೊಂದು ಕಡೆ. ಲೂರಿಯಾ ಎರಡನ್ನೂ ಒಪ್ಪಲಿಲ್ಲ. ಅವರ ಪ್ರಕಾರ ಓದೋದು, ಬರೆಯೋದು, ಲೆಕ್ಕ ಮಾಡೋದು ಇವೆಲ್ಲ ಒಂದೊಂದು ಸಿಸ್ಟಂ. ಮೆದುಳಿನ ಹಲವು ಭಾಗಗಳು ತಮ್ಮ ತಮ್ಮ ಪಾಲು ಹಾಕಿದಾಗ ಮಾತ್ರ ಅದು ನಡೆಯುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ಔಟ್‌ಪುಟ್ ಬರ್ತಿಲ್ಲ ಅಂದ ಮಾತ್ರಕ್ಕೆ ಯಾವ ಬ್ಲಾಕ್ ಕೆಟ್ಟಿದೆ ಅಂತ ಹೇಳೋಕಾಗಲ್ಲ. ಇಬ್ಬರು ರೋಗಿಗಳಿಗೆ ಬರೆಯೋಕೆ ಬರಲ್ಲ ಅಂದ್ರೆ ಒಬ್ಬನಿಗೆ ಶಬ್ದಗಳ ವ್ಯತ್ಯಾಸ ಕೇಳಿಸ್ತಿಲ್ಲದೆ ಇರಬಹುದು, ಇನ್ನೊಬ್ಬನಿಗೆ ಅಕ್ಷರದ ಆಕಾರ ಹಿಡಿಯೋಕೆ ಆಗ್ತಿಲ್ಲದೆ ಇರಬಹುದು. ಇಬ್ಬರಿಗೂ ಒಂದೇ ಚಿಕಿತ್ಸೆ ಕೊಟ್ರೆ ಏನು ಪ್ರಯೋಜನ? ಮೊದಲು ದೋಷ ಪತ್ತೆ, ಆಮೇಲೆ ಉಳಿದ ಭಾಗಗಳಿಂದ ಬಳಸುದಾರಿ.

ಹಾಗಾಗಿ ಕಣ್ಣಿಂದ ಅಕ್ಷರ ಗುರುತು ಹಿಡಿಯಲಾಗದವನಿಗೆ ಬೆರಳಿಂದ ಅದರ ಮೇಲೆ ತಿದ್ದಿಸಿದರು, ಕೈಯ ಚಲನೆಯಿಂದ ಅಕ್ಷರ ಗೊತ್ತಾಗಲಿ ಅಂತ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾಗಿ, ಕತೆಯೊಂದನ್ನು ಮುಂದುವರಿಸೋಕೇ ಆಗದವನ ಕೈಗೆ ಆದರೆ, ಆಮೇಲೆ, ಆದ್ದರಿಂದ ಅನ್ನೋ ಥರದ ಜೋಡಣೆ ಪದಗಳ ಪಟ್ಟಿ ಕೊಟ್ಟರು. ಆ ಪದಗಳನ್ನೇ ಊರುಗೋಲು ಮಾಡಿಕೊಂಡು ಅವನು ಮಾತು ಮುಂದುವರಿಸಿದ.

ಇನ್ನು ನಮ್ಮ ಜಾಸೆಟ್ಸ್ಕಿ. ಮಗುವಿನ ಥರ ಅಕ್ಷರಾಭ್ಯಾಸದಿಂದ ಶುರು. ಬರೆಯೋಕೆ ಕೂತರೆ ಒಂದೊಂದು ಅಕ್ಷರದ ಆಕಾರ ನೆನಪಿಸಿಕೊಳ್ಳೋದೇ ಹರಸಾಹಸ. ಒಂದು ದಿನ ಅವನಿಗೆ ಹೊಸ ಸಲಹೆ ಸಿಕ್ಕಿತು: ಅಕ್ಷರದ ಬಗ್ಗೆ ಯೋಚಿಸಬೇಡ, ಕೈ ಎತ್ತದೆ ಇಡೀ ಪದವನ್ನು ಒಂದೇ ಉಸಿರಿಗೆ ಬರೆದುಬಿಡು. ಬರೆದ! ಯುದ್ಧಕ್ಕೆ ಮುಂಚೆ ಸಾವಿರಾರು ಸಲ ಬರೆದಿದ್ದ ಕೈಗೆ ಆ ಅಭ್ಯಾಸ ಹಾಗೇ ಉಳಿದಿತ್ತು. ಬರೆದಿದ್ದನ್ನು ಓದೋದು ಮಾತ್ರ ಕಷ್ಟವಾಗೇ ಇತ್ತು.

ಆಸ್ಪತ್ರೆ ಬಿಟ್ಟು ಅಮ್ಮ, ತಂಗಿಯರ ಹತ್ತಿರ ಮನೆಗೆ ಹೋದ. ಅಲ್ಲಿ ಇನ್ನೊಂದು ಯುದ್ಧ ಕಾದಿತ್ತು. ಹೊರಗೆ ಹೋದ್ರೆ ದಾರಿ ತಪ್ಪುತ್ತಿದ್ದ. ಅಮ್ಮ ಹೇಳಿದ ಸಣ್ಣ ಕೆಲಸ ಮಾಡೋಕೆ ಬರಲ್ಲ. ಎದುರಿಗಿದ್ದವರ ಮಾತು ಅರ್ಥವಾಗೋಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರ್ತಿದ್ದರು. ನಾಚಿಕೆ, ಸಿಟ್ಟು, ತಾನು ಯಾರಿಗೂ ಬೇಡದವನು ಅನ್ನೋ ಕೊರಗು. ಯೋಜನೆ, ಛಲ, ತನ್ನ ಬಗೆಗಿನ ಅರಿವು, ಇವಕ್ಕೆಲ್ಲ ಬೇಕಾದ ಮೆದುಳಿನ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಅದೇ ಅವನ ಶಕ್ತಿ, ಅದೇ ಅವನ ಸಂಕಟ. ಏನು ಕಳೆದುಕೊಂಡೆ ಅಂತ ಅವನಿಗೆ ಪೂರ್ತಿ ಗೊತ್ತಿತ್ತು.

ಆ ಸಂಕಟಕ್ಕೆ ಅವನು ಕಂಡುಕೊಂಡ ಮದ್ದು ಬರವಣಿಗೆ. ತನ್ನ ಕತೆ ತಾನೇ ಬರೆಯೋಕೆ ಕೂತ. ಇಡೀ ದಿನ ಒದ್ದಾಡಿದ್ರೂ ಕೆಲವೊಮ್ಮೆ ಅರ್ಧ ಪುಟ. ಹಾಗೆ ಸುಮಾರು 25 ವರ್ಷದಲ್ಲಿ 3000 ಪುಟ. ಲೂರಿಯಾ ಅವನ ಕೈಬಿಡಲಿಲ್ಲ. ಅವನು ಬರೆದಿದ್ದನ್ನು ಶ್ರದ್ಧೆಯಿಂದ ಓದಿದರು, ಅವನ ಮಾತುಗಳ ಜೊತೆ ತಮ್ಮ ವಿವರಣೆ ಸೇರಿಸಿ 1971ರಲ್ಲಿ ಪುಸ್ತಕ ತಂದರು. ಮರುವರ್ಷ ಅದು ಇಂಗ್ಲಿಷಿಗೂ ಬಂತು. ಆಲಿವರ್ ಸ್ಯಾಕ್ಸ್ ಥರದ ವೈದ್ಯ ಲೇಖಕರಿಗೆ ದಾರಿ ತೋರಿಸಿದ ಪುಸ್ತಕಗಳಲ್ಲಿ ಅದೂ ಒಂದು.

ಲೂರಿಯಾ ಬದುಕೂ ಸಲೀಸಾಗಿರಲಿಲ್ಲ. 1950ರ ದಶಕದ ಮೊದಲಲ್ಲಿ, ಪಾವ್ಲೊವ್ ಹೆಸರಲ್ಲಿ ನಡೆದ ಸೈದ್ಧಾಂತಿಕ ಬೇಟೆಯಲ್ಲಿ ನರಶಸ್ತ್ರಚಿಕಿತ್ಸಾ ಸಂಸ್ಥೆಯ ಕೆಲಸ ಹೋಯಿತು. ಬುದ್ಧಿಬೆಳವಣಿಗೆ ಕುಂಠಿತವಾದ ಮಕ್ಕಳ ಸಂಸ್ಥೆಗೆ ಹೋಗಿ ಅಲ್ಲೂ ಕೆಲಸ ಮಾಡಿದರು. ಕೆಲವು ವರ್ಷ ಬಿಟ್ಟು ಮತ್ತೆ ತಮ್ಮ ರೋಗಿಗಳ ಬಳಿ ಬಂದರು. ಅವರಿಗೂ ಬಳಸುದಾರಿ ಹಿಡಿಯೋದು ಗೊತ್ತಿತ್ತು. 1977ರಲ್ಲಿ, 75ರ ವಯಸ್ಸಿನಲ್ಲಿ ತೀರಿಕೊಂಡರು. ಇವತ್ತು ತಲೆಪೆಟ್ಟಿನ ನಂತರ ನೆನಪು, ಗಮನ, ಮಾತು ಮರಳಿಸೋ ತರಬೇತಿ ಜಗತ್ತಿನಲ್ಲಿ ಎಲ್ಲೇ ನಡೆದರೂ ಅದರ ಹಿಂದೆ ಕಿಸೆಗಾಚ್‌ನ ನೆರಳಿದೆ.

ಜಾಸೆಟ್ಸ್ಕಿ ಮತ್ತೆ ಇಂಜಿನಿಯರ್ ಆಗಲಿಲ್ಲ. ಲೂರಿಯಾ ಅವನನ್ನು ಮೊದಲಿನಂತೆ ಮಾಡಲೂ ಇಲ್ಲ. ಇದನ್ನು ಸೋಲು ಅನ್ನೋದಾ?

ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಗೆಳೆಯ ಎರಡು ತಿಂಗಳ ಮೇಲೆ ಕ್ಲಾಸಿಗೆ ವಾಪಸ್ ಬರ್ತಾನೆ ಅಂತಿಟ್ಟುಕೊಳ್ಳಿ. ಹೊಲಿಗೆ ವಾಸಿಯಾಗಿರುತ್ತೆ, ನೋಡೋಕೆ ಮೊದಲಿನ ಹಾಗೇ ಇರ್ತಾನೆ. ಆದ್ರೆ ಸುಮ್ಮಸುಮ್ಮನೆ ರೇಗ್ತಾನೆ, ಲ್ಯಾಬಲ್ಲಿ ಅರ್ಧ ಮಾಡಿದ ಕೆಲಸ ಮರೀತಾನೆ, ಗದ್ದಲ ಆದ್ರೆ ಎದ್ದು ಹೋಗ್ತಾನೆ. ಆಗ ನಾವು ಕೊಡೋ ಹೆಸರು ಕೊಬ್ಬು ಅಥವಾ ಸೋಮಾರಿತನ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅದಕ್ಕೆ ಪರೀಕ್ಷೆ ಇದೆ, ತರಬೇತಿ ಇದೆ. ಅಲ್ಲಿಗೆ ಅವನನ್ನು ಕರ್ಕೊಂಡು ಹೋಗೋಕೆ ಮೊದಲು, ಅವನು ನಾಟಕ ಮಾಡ್ತಿಲ್ಲ ಅಂತ ನಂಬೋ ಒಬ್ಬ ಫ್ರೆಂಡ್ ಬೇಕು. ಹಾಗೇ ನಿಮ್ಮ ಹೆಲ್ಮೆಟ್ ಹಾಸ್ಟೆಲ್ ಕಪಾಟಿನ ಮೇಲೆ ಧೂಳು ತಿಂತಿದ್ರೆ, ಇವತ್ತೇ ಕೆಳಗಿಳಿಸಿ.