ಕ್ಲಾಡ್ ಬರ್ನಾರ್ಡ್: ಬಾಣದ ವಿಷದಲ್ಲಿ ವಿದ್ಯೆ ಕಂಡವರು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನರ ಮತ್ತು ಸ್ನಾಯು ಕೂಡುವ ಸಂಧಿಯ ಬಗ್ಗೆ ಓದುತ್ತೇವೆ. ಆ ಪುಟ್ಟ ಜಾಗದ ಕಡೆಗೆ ವಿಜ್ಞಾನದ ಗಮನ ಸೆಳೆದವರಲ್ಲಿ ಮುಖ್ಯರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್.

ಅವರು ಹುಟ್ಟಿದ್ದು 1813ರ ಜುಲೈ 12ರಂದು, ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ತಂದೆ ದ್ರಾಕ್ಷಿ ಬೆಳೆಗಾರರು. ಹದಿಹರೆಯದಲ್ಲೇ ಬರ್ನಾರ್ಡ್ ಲಿಯಾನ್ ನಗರದ ಔಷಧಿ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದರು. ಯುನಾನಿ ವೈದ್ಯರು ತಿರ್ಯಾಕ್ ಎನ್ನುವ ಹಳೆಯ ಔಷಧವನ್ನು ಅಲ್ಲಿಯೂ ಮಾರುತ್ತಿದ್ದರು. ಆದರೆ ಕೆಟ್ಟು ಉಳಿದ ಔಷಧಗಳನ್ನೆಲ್ಲ ಆ ಪಾತ್ರೆಗೇ ಸುರಿಯುವುದನ್ನು ಕಂಡು, ಪರೀಕ್ಷಿಸದೆ ಕೊಡುವ ಮದ್ದಿನ ಮೇಲೆ ಅವರಿಗೆ ನಂಬಿಕೆ ಹೋಯಿತು.

ನಾಟಕಕಾರನಾಗುವ ಆಸೆ ಹೊತ್ತು 1834ರಲ್ಲಿ ಪ್ಯಾರಿಸ್‌ಗೆ ಹೋದರು. ಅವರ ನಾಟಕ ಓದಿದ ವಿಮರ್ಶಕರೊಬ್ಬರು, ಮೊದಲು ವೈದ್ಯಕೀಯ ಓದಲು ಸಲಹೆ ಕೊಟ್ಟರು. ಅಲ್ಲಿಯೂ ಅವರು ಸಾಧಾರಣ ವಿದ್ಯಾರ್ಥಿಯೇ. 1844ರಲ್ಲಿ ಬೋಧಕ ಹುದ್ದೆಯ ಸ್ಪರ್ಧಾ ಪರೀಕ್ಷೆಯಲ್ಲಿ ನಪಾಸಾದರು. ಆದರೆ ಗುರು ಮ್ಯಾಜಂಡಿಯವರ ಪ್ರಯೋಗಶಾಲೆಯಲ್ಲಿ ಅವರ ಕೈಚಳಕಕ್ಕೆ ಸಾಟಿ ಇರಲಿಲ್ಲ.

ಅದೇ ಕಾಲದಲ್ಲಿ ಅವರು ಕುರಾರೆಯನ್ನು ಪರೀಕ್ಷಿಸತೊಡಗಿದರು. ಇದು ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬೇಟೆಯ ಬಾಣಕ್ಕೆ ಸವರುತ್ತಿದ್ದ ಸಸ್ಯವಿಷ. ಕಪ್ಪೆಯ ಒಂದು ಹಿಂಗಾಲಿಗೆ ರಕ್ತ ಹೋಗದಂತೆ ಕಟ್ಟಿ, ಅದರ ನರವನ್ನು ಮಾತ್ರ ಹಾಗೇ ಬಿಟ್ಟು, ದೇಹಕ್ಕೆ ವಿಷ ಕೊಟ್ಟರು. ಕಪ್ಪೆ ನಿಶ್ಚಲವಾಯಿತು. ವಿಷ ತಾಗಿದ ಭಾಗದ ಚರ್ಮವನ್ನು ಚಿವುಟಿದಾಗ, ವಿಷ ತಾಗದ ಆ ಒಂದು ಕಾಲು ಮಾತ್ರ ಒದೆಯಿತು! ಅಂದರೆ ಕಪ್ಪೆಗೆ ಸ್ಪರ್ಶ ತಿಳಿಯುತ್ತಿತ್ತು. ವಿಷ ತಾಗಿದ ಸ್ನಾಯುವಿಗೆ ನೇರವಾಗಿ ವಿದ್ಯುತ್ ಕೊಟ್ಟರೆ ಅದೂ ಸಂಕುಚಿಸಿತು. ಕೆಟ್ಟಿದ್ದು ಸ್ನಾಯುವಲ್ಲ, ಸಂವೇದನೆಯೂ ಅಲ್ಲ. ಚಲನೆಯ ಆಜ್ಞೆ ಸ್ನಾಯುವಿಗೆ ತಲುಪುತ್ತಿರಲಿಲ್ಲ, ಅಷ್ಟೆ.

ಶಾಂತವಾಗಿ ಕಾಣುವ ಈ ಸಾವು ನಿಜದಲ್ಲಿ ಭಯಂಕರವೆಂದು ಬರ್ನಾರ್ಡ್ 1864ರಲ್ಲಿ ಬರೆದರು. ದೇಹ ಕಲ್ಲಾದರೂ ಒಳಗೆ ಅರಿವು ಎಚ್ಚರವಾಗಿರುತ್ತದೆ. ಈ ತಿಳಿವಳಿಕೆಗೆ ತೆತ್ತ ಬೆಲೆಯೂ ಇತ್ತು. ಜೀವಂತ ಪ್ರಾಣಿಗಳ ಮೇಲಿನ ಅವರ ಪ್ರಯೋಗಗಳನ್ನು ಹೆಂಡತಿ ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಬೇರೆಯಾದರು. 1878ರ ಫೆಬ್ರವರಿ 10ರಂದು ಬರ್ನಾರ್ಡ್ ತೀರಿಕೊಂಡಾಗ ಫ್ರಾನ್ಸ್ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಅಲ್ಲಿಯವರೆಗೆ ಯಾವ ವಿಜ್ಞಾನಿಗೂ ಆ ಗೌರವ ಸಿಕ್ಕಿರಲಿಲ್ಲ.

ಕುರಾರೆ ಚಲನ ನರವನ್ನೇ ಕೊಲ್ಲುತ್ತದೆಂದು ಅವರು ತಿಳಿದಿದ್ದರು. ಅದು ಪೂರ್ತಿ ಸರಿಯಲ್ಲ. ಸ್ನಾಯುವಿನಲ್ಲೇ ಸಂದೇಶ ಹಿಡಿಯುವ ಪದಾರ್ಥವಿದೆ ಎಂದು 1905ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ ವಾದಿಸಿದರು. ತಂಬಾಕಿನ ನಿಕೋಟಿನ್ ಅದನ್ನು ಕೆರಳಿಸುತ್ತದೆ, ಕುರಾರೆ ತಡೆಯುತ್ತದೆ. ಇಂದು ಅದರ ಹೆಸರು ನಿಕೋಟಿನಿಕ್ ಗ್ರಾಹಕ. ನರ ಬಿಡುವ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ಕುರಾರೆ ಕೂತುಬಿಡುತ್ತದೆ. ಇಂಥ ಗ್ರಾಹಕಗಳು ಮೆದುಳಿನಲ್ಲೂ ಇವೆ. ಆದರೆ ಕುರಾರೆ ರಕ್ತದಿಂದ ಮೆದುಳಿಗೆ ಸುಲಭವಾಗಿ ದಾಟದು. ಆದ್ದರಿಂದಲೇ ಅರಿವು ಉಳಿಯುತ್ತದೆ.

1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈದ್ಯರು ಅರಿವಳಿಕೆಯ ಜೊತೆ ಕುರಾರೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಈಗ ಅದೇ ರೀತಿ ಕೆಲಸ ಮಾಡುವ ವೆಕ್ಯುರೋನಿಯಂ, ಅಟ್ರಾಕ್ಯುರಿಯಂ ಮುಂತಾದವು ಆಪರೇಷನ್ ಥಿಯೇಟರ್‌ಗಳಲ್ಲಿ ಬಳಕೆಯಲ್ಲಿವೆ. ಇವು ಸ್ನಾಯುವನ್ನು ಸಡಿಲಿಸುತ್ತವೆ, ನೋವನ್ನು ನೀಗುವುದಿಲ್ಲ. ಹಾಗಾಗಿ ಅರಿವು ತಪ್ಪಿಸುವ ಮದ್ದು ಬೇರೆಯೇ ಬೇಕು, ಉಸಿರಾಟಕ್ಕೆ ಯಂತ್ರವೂ ಬೇಕು.

ನಮ್ಮ ಮೈಸೂರು ಸೀಮೆಯ ನಾಗರಹಾವಿನ ವಿಷವೂ ಇದೇ ಗ್ರಾಹಕಗಳನ್ನು ಮುಚ್ಚುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಕಚ್ಚಿಸಿಕೊಂಡವರು ಅಲುಗಾಡದಿದ್ದರೂ ಅವರಿಗೆ ಎಲ್ಲವೂ ಕೇಳಿಸುತ್ತಿರಬಹುದು. ಸತ್ತರೆಂದು ಕೈಬಿಡದೆ, ಉಸಿರು ಕೊಡುತ್ತಾ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.