ಓದುಗನನ್ನು ಹುಡುಕಿಕೊಂಡು ಹೋದ ಗಣಿತದ ಮೇಷ್ಟ್ರು

ಪ್ರತಿವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನಾಚರಣೆಯ ಅಂಗವಾಗಿ ನಮ್ಮ ಗ್ರಂಥಾಲಯಗಳಲ್ಲಿ ಎಸ್.ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಭಾಷಣಗಳಲ್ಲಿ ಕೋಲನ್ ವರ್ಗೀಕರಣದ ಪ್ರಸ್ತಾಪವೂ ಬರುತ್ತದೆ. ಪುಸ್ತಕಗಳಿಗೆ ಸಂಖ್ಯೆ ಕೊಟ್ಟ ಪಂಡಿತರನ್ನು ನೆನೆಯುವ ಭರದಲ್ಲಿ, ಓದುಗನ ಕೈಗೆ ಪುಸ್ತಕ ತಲುಪಲೇಬೇಕೆಂದು ಹಟ ಹಿಡಿದಿದ್ದ ಮನುಷ್ಯನನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಅನಿಸಿಕೆ.

ತಂಜಾವೂರು ಸೀಮೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. ಎಳವೆಯಲ್ಲಿ ಮಾತು ತೊದಲುತ್ತಿತ್ತು. 1917ರಲ್ಲಿ ಅವರು ವೃತ್ತಿ ಆರಂಭಿಸಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ನಿರ್ಜನ ಕೊಠಡಿ ಅವರಿಗೆ ಕೆಲವೇ ದಿನಗಳಲ್ಲಿ ಬೇಸರ ತಂದಿತು. ಪಾಠ ಹೇಳುವ ಕೆಲಸಕ್ಕೇ ಮರಳುವೆನೆಂದರು. ಮೊದಲು ಲಂಡನ್ನಿಗೆ ಹೋಗಿ ಬನ್ನಿ, ಆಮೇಲೂ ಮನಸ್ಸು ಒಗ್ಗದಿದ್ದರೆ ನೋಡೋಣ ಎಂದು ಹಿರಿಯರು ಸಮಾಧಾನಪಡಿಸಿದರು.

ಆ ಪ್ರವಾಸವೇ ಅವರನ್ನು ಬದಲಿಸಿತು. ಕ್ರಾಯ್ಡನ್ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಸಂಕೋಚವಿಲ್ಲದೆ ಬಂದು ಹೋಗುವ ಗ್ರಂಥಾಲಯಗಳನ್ನು ಅವರು ಕಂಡರು. 1925ರಲ್ಲಿ ಮರಳಿದವರು ಮದರಾಸಿನಲ್ಲಿ ಕಪಾಟುಗಳನ್ನು ಓದುಗರಿಗೆ ಮುಕ್ತಗೊಳಿಸಿದರು, ಗ್ರಂಥಾಲಯ ತೆರೆದಿರುವ ಅವಧಿಯನ್ನು ಹೆಚ್ಚಿಸಿದರು. ಓದುಗನ ಬಳಿಗೇ ಹೋಗಿ ಬೇಕಾದುದನ್ನು ವಿಚಾರಿಸಿ ನೆರವಾಗುವ ಸಿಬ್ಬಂದಿಯನ್ನು ನೇಮಿಸಿದರು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ಗ್ರಂಥ ಈ ಅನುಭವದಿಂದಲೇ ಮೂಡಿದ್ದು. ಅದರ ಮೊದಲ ಸೂತ್ರವನ್ನು ಹೊಳೆಯಿಸಿದವರು ಅವರ ಗಣಿತದ ಗುರು ರಾಸ್ ಎಂಬುದು ಸ್ವಾರಸ್ಯಕರ.

ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ಸಿಗಬೇಕೆಂಬುದು ಎರಡನೆಯ ಸೂತ್ರದ ಆಶಯ. ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನನ್ನು ಹುಡುಕಿಕೊಡಬೇಕೆಂಬುದು ಮೂರನೆಯದರದು. ಹೇಳಲು ಸುಲಭ. ಕಳೆದ ವರ್ಷ ಒಂದು ಬಡಾವಣೆಯ ಗ್ರಂಥಾಲಯದಲ್ಲಿ ಹದಿನಾಲ್ಕರ ಆಸುಪಾಸಿನ ಹುಡುಗನೊಬ್ಬ ಪತ್ತೇದಾರಿ ಕಾದಂಬರಿ ಕೇಳಿದ್ದನ್ನು ನಾನು ನೋಡಿದೆ. ಪರೀಕ್ಷೆಗೆ ಓದಿಕೋ ಹೋಗು ಎಂಬ ಉತ್ತರ ಬಂತು. ಬೀಗ ಹಾಕಿದ ಗಾಜಿನ ಬೀರುವಿನೊಳಗೆ ಎನ್. ನರಸಿಂಹಯ್ಯನವರ ಪುಸ್ತಕಗಳು ಕಾಣುತ್ತಲೇ ಇದ್ದವು! ಒಂದು ತಲೆಮಾರಿನ ಎಷ್ಟೋ ಜನರಿಗೆ ಕನ್ನಡ ಓದಿನ ರುಚಿ ಹತ್ತಿಸಿದ್ದು ಅವರ ಪತ್ತೇದಾರ ಪುರುಷೋತ್ತಮ.

ನಾನು ಅರ್ಥಮಾಡಿಕೊಂಡಂತೆ, ರಂಗನಾಥನ್ ಅವರ ದೃಷ್ಟಿಯಲ್ಲಿ ಓದುಗನ ಅಭಿರುಚಿಗೆ ತೀರ್ಪು ಕೊಡುವುದು ಗ್ರಂಥಪಾಲಕನ ಕೆಲಸವಲ್ಲ. ಕೇಳಿದ್ದನ್ನು ಕೊಟ್ಟು, ಅದರ ಪಕ್ಕದಲ್ಲೇ ಇನ್ನೊಂದನ್ನು ಇಡುವುದು ಅವನ ಕೆಲಸ. ಪುರುಷೋತ್ತಮನನ್ನು ಮೆಚ್ಚಿದ ಹುಡುಗನಿಗೆ ಷರ್ಲಾಕ್ ಹೋಮ್ಸ್, ಸತ್ಯಜಿತ್ ರಾಯ್ ಅವರ ಫೆಲೂದಾ ಹಿಡಿಸದಿರಲಾರರು. ಅಲ್ಲಿಂದ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಎಷ್ಟು ದೂರ? ರೋಚಕ ಕತೆಗಳಲ್ಲಿನ ಹಿಂಸೆಯ ಬಗ್ಗೆ ಪೋಷಕರಿಗೆ ಆತಂಕವಿರುವುದು ಸಹಜ, ಅದನ್ನು ತಳ್ಳಿಹಾಕಲಾಗದು. ಆದರೆ ಯಾವುದು ಯಾವ ವಯಸ್ಸಿಗೆ ತಕ್ಕದ್ದೆಂದು ಹೇಳಲು ಆ ಪುಸ್ತಕಗಳನ್ನು ಸ್ವತಃ ಓದಿದ ಒಬ್ಬರು ಗ್ರಂಥಾಲಯದಲ್ಲಿ ಇರಬೇಕಲ್ಲವೇ? ಬೀರುವಿನ ಬೀಗ ಆ ಕೆಲಸ ಮಾಡದು.

ಮೂರನೆಯ ಸೂತ್ರವನ್ನು ವಿವರಿಸುವಾಗ ರಂಗನಾಥನ್ ಉಪನ್ಯಾಸ, ವಾಚನಗೋಷ್ಠಿ, ಹಬ್ಬಗಳ ಆಚರಣೆಯನ್ನೂ ಗ್ರಂಥಾಲಯದ ಕರ್ತವ್ಯಗಳಲ್ಲಿ ಸೇರಿಸುತ್ತಾರೆ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟಿದ್ದವು. ನಮ್ಮಲ್ಲಿ ಭಾನುವಾರ ಬಂತೆಂದರೆ ನಗರದ ಯಾವುದಾದರೊಂದು ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ, ಕವಿಗೋಷ್ಠಿ ಇದ್ದದ್ದೇ. ನಾನು ಹೋಗುವ ಗ್ರಂಥಾಲಯದ ಗೋಡೆಯಲ್ಲಿ ಅವುಗಳ ಸೂಚನೆಯನ್ನು ಒಮ್ಮೆಯೂ ಕಂಡಿಲ್ಲ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಜಾಹೀರಾತುಗಳಿಗೆ ಮಾತ್ರ ಜಾಗ.

ಕಾಶಿ, ದೆಹಲಿ, ಜ್ಯೂರಿಕ್‌ಗಳಲ್ಲಿ ದುಡಿದ ಬಳಿಕ 1957ರಲ್ಲಿ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿದರು. 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರ ಸೆಪ್ಟೆಂಬರ್ 27ರಂದು ನಿಧನರಾದದ್ದೂ ಈ ಊರಿನಲ್ಲೇ. ಸಾರ್ವಜನಿಕ ಗ್ರಂಥಾಲಯಗಳಿಗೆ ಕಾನೂನಿನ ಬಲ ಬೇಕೆಂದು ಅವರು ದಶಕಗಳ ಕಾಲ ಪಟ್ಟ ಶ್ರಮಕ್ಕೆ ಮದರಾಸಿನಲ್ಲಿ 1948ರಲ್ಲಿ ಫಲ ದೊರೆಯಿತು, ನಮ್ಮಲ್ಲಿ 1965ರ ಕಾಯ್ದೆಯ ಮೂಲಕ. ಆ ಕಾಯ್ದೆಯಂತೆ ಆಸ್ತಿ ತೆರಿಗೆಯೊಂದಿಗೆ ನಾವೆಲ್ಲ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಮುಂದಿನ ಆಗಸ್ಟ್ 12ರೊಳಗೆ ಹದಿಹರೆಯದವರಿಗೆಂದೇ ಒಂದು ತೆರೆದ ಕಪಾಟು, ಬಾಗಿಲ ಬಳಿ ಆ ತಿಂಗಳ ಸಾಹಿತ್ಯ ಕಾರ್ಯಕ್ರಮಗಳ ಒಂದು ಪಟ್ಟಿ, ಇಷ್ಟನ್ನಾದರೂ ಕೇಳುವ ಹಕ್ಕು ನಮಗಿದೆ.